ದೊಡ್ಡಬಳ್ಳಾಪುರದ ಮಗ್ಗ ಮತ್ತು ದೇವರ ವರ

ದೊಡ್ಡಬಳ್ಳಾಪುರದ ದೇವಾಂಗರಲ್ಲಿ ನೇಯ್ಗೆಯ ಕಥೆ ದೇವಲೋಕದಿಂದಲೇ ಶುರುವಾಗುತ್ತದೆ. ಮೈಮುಚ್ಚಲು ಬಟ್ಟೆಯಿಲ್ಲದವರಿಗಾಗಿ ಶಿವ ದೇವಲ ಮಹರ್ಷಿಯನ್ನು ಸೃಷ್ಟಿಸಿದ. ದೇವಲ ವಿಷ್ಣುವಿನ ನಾಭಿಕಮಲದ ದಂಟಿನಿಂದ ನೂಲು ತಂದ. ಅಡ್ಡಗಟ್ಟಿದ ರಾಕ್ಷಸರನ್ನು ಚೌಡೇಶ್ವರಿ ಕೊಂದಳು. ಅವರ ನೆತ್ತರಲ್ಲಿ ಅದ್ದಿದ ನೂಲಿಗೆ ಬಣ್ಣ ಬಂತು. ಈ ಪುರಾಣದ ಬಗ್ಗೆ ನನಗೆ ಗೌರವವಿದೆ. ಕೈಕೆಲಸದವರನ್ನು ಕೆಳಗೆ ಕೂರಿಸಿದ ಸಮಾಜದಲ್ಲಿ, ನಮ್ಮ ಕಸುಬಿಗೂ ಋಷಿಮೂಲವಿದೆ ಎಂದು ಒಂದು ಸಮುದಾಯ ತಲೆಯೆತ್ತಿ ಹೇಳಿದ್ದು ಸಣ್ಣ ಮಾತಲ್ಲ.

ಕೌಶಲ ದೇವರ ವರ ಎಂಬ ಇದೇ ನಂಬಿಕೆ ಸಾಹಿತ್ಯದಲ್ಲೂ ಬೇರೂರಿದೆ. ಗದುಗಿನ ವೀರನಾರಾಯಣನೇ ಕವಿ, ತಾನು ಬರೀ ಬರೆದುಕೊಂಡವನು ಎಂದ ಕುಮಾರವ್ಯಾಸ. ಜನ ಅದಕ್ಕೆ ಕಥೆ ಸೇರಿಸಿದರು: ಮಿಂದು ಒದ್ದೆ ಬಟ್ಟೆಯಲ್ಲೇ ಗುಡಿಯಲ್ಲಿ ಕೂತರೆ, ಬಟ್ಟೆ ಆರುವ ತನಕ ಪದ್ಯ ಹರಿಯುತ್ತಿತ್ತಂತೆ. ಅದೇ ಕವಿ, ಇಟ್ಟ ಪದವನ್ನು ಅಳಿಸುವವನಲ್ಲ ತಾನು ಎಂದು ಬೀಗುತ್ತಾನೆ ಕೂಡ. ಬರೀ ಲಿಪಿಕಾರನಿಗೆ ಈ ಹೆಮ್ಮೆ ಎಲ್ಲಿಂದ ಬರಬೇಕು? ಅವನ ಕೈಯಲ್ಲಿ ಭಾಮಿನಿ ಷಟ್ಪದಿ ಹಾಗೆ ಪಳಗಿದ್ದು ಸಾಧನೆಯಿಂದ. ಹನ್ನೊಂದನೇ ಶತಮಾನದ ಕಾವ್ಯಮೀಮಾಂಸಕ ಮಮ್ಮಟ ಶಕ್ತಿ ಎಂಬ ಹುಟ್ಟು ಪ್ರತಿಭೆ, ನಿಪುಣತೆ, ಅಭ್ಯಾಸ ಮೂರೂ ಕೂಡಿಯೇ ಕಾವ್ಯಕ್ಕೆ ಕಾರಣ ಎಂದಿದ್ದ. ನಮ್ಮ ವರಕವಿ ಕಥೆಗಳು ಮೊದಲನೆಯದನ್ನಷ್ಟೇ ಉಳಿಸಿಕೊಂಡು ಮಿಕ್ಕೆರಡನ್ನು ಕೈಬಿಟ್ಟವು.

ಮಗ್ಗದ ಹತ್ತಿರ ಹೋದರೆ ಆ ಎರಡೂ ಕಣ್ಣಿಗೆ ಬೀಳುತ್ತವೆ. ಹಾಸು ಮುಗಿದಾಗ ಹೊಸ ಹಾಸಿನ ಎಳೆಗಳನ್ನು ಹಳೆಯದರ ತುದಿಗೆ ಒಂದೊಂದಾಗಿ ಹೊಸೆದು ಸೇರಿಸಬೇಕು. ರೇಷ್ಮೆ ಸೀರೆಯ ಅಗಲದಲ್ಲಿ ಅಂಥ ಎಳೆಗಳು ಸಾವಿರಾರು. ಅದನ್ನು ಬೆರಳು ಮಾಡುತ್ತದೆ, ಕಣ್ಣು ಹಿಂದಿನಿಂದ ಬರುತ್ತದೆ. 1804ರ ಸುಮಾರಿಗೆ ಫ್ರಾನ್ಸಿನ ಲಿಯೋನ್‌ನಲ್ಲಿ ರೂಪುಗೊಂಡ, ತೂತಿನ ಕಾರ್ಡುಗಳಿಂದ ಚಿತ್ತಾರ ನೇಯಿಸುವ ಜಕಾರ್ಡ್ ಸಾಧನ ಈ ಊರಿನ ಮಗ್ಗಗಳ ಮೇಲೂ ಏರಿತು. ಅದಕ್ಕಾಗಿ ಸೆರಗಿನ ನವಿಲನ್ನು ಗ್ರಾಫ್ ಹಾಳೆಯ ಚೌಕಗಳಲ್ಲಿ ತುಂಬಿ, ಚೌಕ ನೋಡಿ ಕಾರ್ಡಿಗೆ ತೂತು ಹೊಡೆಯುತ್ತಿದ್ದರು. ಒಂದು ತೂತು ತಪ್ಪಿದರೆ ಆ ತಪ್ಪು ನವಿಲು ಮರಳಿದಲ್ಲೆಲ್ಲ ಮರಳುತ್ತದೆ. ಇದನ್ನು ತಿದ್ದಿ ತಿದ್ದಿ ಕಲಿತವರನ್ನು ನೋಡಿ ‘ಅವರಿಗೆ ಹುಟ್ಟಿನಿಂದಲೇ ಬಂದದ್ದು’ ಎನ್ನುವುದು ನನಗೆ ಹೊಗಳಿಕೆಯಾಗಿ ಕೇಳಿಸುವುದಿಲ್ಲ. ಹುಟ್ಟಿನಿಂದ ಬಂದದ್ದು ಎಂದ ಮೇಲೆ ಕಲಿತ ವರ್ಷಗಳಿಗೆ ಕೂಲಿ ಲೆಕ್ಕ ಹಾಕುವವರು ಯಾರು?

ವರದ ಕಥೆಯಲ್ಲಿ ಇನ್ನೂ ಹಲವರಿಗೆ ಜಾಗವಿಲ್ಲ. ಮನೆಯೊಳಗೆ ಕೂತು ಕಂಡಿಕೆ ಸುತ್ತುವ ಹೆಂಗಸರು ಅದರಲ್ಲಿಲ್ಲ. ಬೇರೆ ಜಾತಿಗಳಿಂದ, ಬೇರೆ ಊರುಗಳಿಂದ ಬಂದು ಪವರ್‌ಲೂಮ್ ಮುಂದೆ ನಿಂತು ಕೆಲಸ ಕಲಿತವರೂ ಇಲ್ಲ. ದೇವಲನ ವಂಶದವರಲ್ಲದ ಅವರ ಕೈಯಲ್ಲೂ ಸೀರೆ ಚೆನ್ನಾಗಿಯೇ ಬರುತ್ತಿದೆ. ಕುಲದ ವರ ಎಂಬ ವಾದಕ್ಕೆ ಇದಕ್ಕಿಂತ ಗಟ್ಟಿ ಉತ್ತರ ಬೇಕಿಲ್ಲ.

ಆದರೂ ಈ ಪರಂಪರೆಯನ್ನು ಪೂರ್ತಿ ತಳ್ಳಿಹಾಕಲು ನಾನು ಒಪ್ಪುವುದಿಲ್ಲ, ಏಕೆಂದರೆ ಅದರೊಳಗೇ ದಾಸಿಮಯ್ಯನಿದ್ದಾನೆ. ದೇವಾಂಗರು ದೇವಲನ ಅವತಾರವೆಂದು ನಂಬುವ, ಮುದನೂರಿನ ದೇವರ ದಾಸಿಮಯ್ಯ. ಜೇಡರ ದಾಸಿಮಯ್ಯನೂ ಇವನೂ ಒಬ್ಬನೇ ಹೌದೋ ಅಲ್ಲವೋ ಎಂಬ ವಿದ್ವಾಂಸರ ವಾದಕ್ಕೆ ಇಲ್ಲಿ ಹೋಗಬೇಕಿಲ್ಲ. ಕಥೆ ಹೀಗಿದೆ: ಬಹುಕಾಲ ನೇಯ್ದ ವಸ್ತ್ರವನ್ನು ಜಂಗಮನಾಗಿ ಬಂದ ಶಿವ ಕೇಳಿದ, ದಾಸಿಮಯ್ಯ ಕೊಟ್ಟ, ಶಿವ ಅದನ್ನು ಕಣ್ಣೆದುರೇ ಹರಿದ, ನೇಯ್ದವನು ಕದಲಲಿಲ್ಲ, ಆಮೇಲೆ ತವನಿಧಿ, ಅಂದರೆ ಎಂದೂ ತೀರದ ಅಕ್ಕಿಯ ನಿಧಿ, ಬಂತು. ಇಲ್ಲಿ ಮೊದಲು ಕೊಟ್ಟವನು ನೇಕಾರ. ದೇವರು ಕೊಟ್ಟದ್ದು ಕೊನೆಗೆ, ಅದೂ ಅಕ್ಕಿ, ಕೈಚಳಕವನ್ನಲ್ಲ. ನೇಯ್ಗೆ ಅವನು ದುಡಿದು ಗಳಿಸಿದ್ದಾಗಿಯೇ ಉಳಿಯಿತು.

ಹೆಂಡತಿ ದುಗ್ಗಳೆಯೂ ಆ ಮನೆಯ ನೆರಳಲ್ಲಿ ಮರೆಯಾಗಲಿಲ್ಲ. ಅವಳದೇ ವಚನಗಳು ಉಳಿದಿವೆ, ‘ದಾಸಯ್ಯಪ್ರಿಯ ರಾಮನಾಥ’ ಎಂಬ ಅಂಕಿತದಲ್ಲಿ.