ಯಾರು ಬರೆದ ಕಟ್ಟಳೆ? – ‘ಕರುಕ್ಕು’ ಓದುತ್ತಾ

ಕೈ ತೊಳೆಯದೆ ಉಂಡರು ಎಂಬುದೇ ಆರೋಪ. ಉಂಡವರು ಯೇಸುವಿನ ಶಿಷ್ಯರು. ಅವರಲ್ಲಿ ಬಲೆ ಬೀಸಿ ಬದುಕುತ್ತಿದ್ದ ಗಲಿಲಾಯದ ಬೆಸ್ತರಿದ್ದರು. ಆರೋಪ ಹೊರಿಸಿದವರು ಓದುಬರಹ ಬಲ್ಲ ಶಾಸ್ತ್ರಿಗಳು, ಆಚಾರವಂತ ಫರಿಸಾಯರು. ಮಾರ್ಕನ ಸುವಾರ್ತೆಯ 7ನೇ ಅಧ್ಯಾಯದಲ್ಲಿ ಬರುವ ಈ ಜಗಳ ಕೈಗಂಟಿದ ಕೊಳೆಯದ್ದಲ್ಲ, ಮಡಿಯದ್ದು. ನಮ್ಮ ಕೇರಿಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದು ಯೆಹೂದ್ಯರ ಮನೆಯೊಳಗಿನದೇ ಜಗಳ, ಯೇಸುವೂ ಯೆಹೂದ್ಯನೇ. ಮನುಷ್ಯರು ಕಟ್ಟಿದ ಸಂಪ್ರದಾಯಕ್ಕೋಸ್ಕರ ದೇವರ ಮಾತನ್ನೇ ಮೂಲೆಗೆ ತಳ್ಳಿದಿರಿ ಎಂಬುದು ಆತನ ಉತ್ತರದ ತಿರುಳು. ಅದಕ್ಕೊಂದು ಉದಾಹರಣೆಯನ್ನೂ ಕೊಡುತ್ತಾನೆ. ಹೆತ್ತವರಿಗೆ ಕೊಡಬೇಕಾದ್ದನ್ನು ‘ಕೊರ್ಬಾನ್’, ಅಂದರೆ ದೇವರಿಗೆ ಮುಡಿಪು, ಎಂದುಬಿಟ್ಟರೆ ಮಗ ಜವಾಬ್ದಾರಿಯಿಂದ ಪಾರು! ಮುದುಕ ಮುದುಕಿ ಹಸಿದರೂ ಕಟ್ಟಳೆ ಮುರಿದಂತಾಗುವುದಿಲ್ಲ. ನಿಯಮ ಪಾಲಿಸುತ್ತಲೇ ಅನ್ಯಾಯ ಮಾಡುವ ಜಾಣತನ ಇದು.

ಈ ಜಗಳದಿಂದ ನಮಗೊಂದು ಅಳತೆಗೋಲು ಸಿಗುತ್ತದೆ. ಯಾವುದೇ ಕಟ್ಟಳೆ ಎದುರಾದಾಗ ಎರಡು ಪ್ರಶ್ನೆ ಕೇಳಬೇಕು. ಇದು ಯಾರ ಮೇಲೆ ಬೀಳುತ್ತದೆ? ಯಾರನ್ನು ಬಿಟ್ಟುಬಿಡುತ್ತದೆ? ತಮಿಳಿನ ಬಾಮಾ ಅವರ ಆತ್ಮಕಥನ ‘ಕರುಕ್ಕು’ (1992) ಈ ಎರಡು ಪ್ರಶ್ನೆಗಳನ್ನು ಚರ್ಚಿನ ಒಳಗೇ ನಿಂತು ಕೇಳಿದ ಕೃತಿ. ಅದನ್ನು ದಲಿತ ಹೆಣ್ಣೊಬ್ಬಳ ಗೋಳಿನ ಕತೆ ಎಂದು ಓದಿ ಮರುಗುವವರಿದ್ದಾರೆ. ಮರುಗಿ ಪುಸ್ತಕ ಮುಚ್ಚಿಟ್ಟರೆ ಅದರ ಮುಖ್ಯ ವಾದವೇ ನಮ್ಮ ಕೈ ತಪ್ಪಿಹೋಗುತ್ತದೆ.

ಕರುಕ್ಕು ಎಂದರೆ ತಾಳೆ ಮಟ್ಟೆಯ ಗರಗಸದಂಥ ಅಂಚು. ಚಿಕ್ಕಂದಿನಲ್ಲಿ ಸೌದೆ ಆರಿಸುವಾಗ ಅದು ಬಾಮಾ ಅವರ ಮೈಯನ್ನು ಗೀರಿತ್ತು. ಅದು ಎರಡೂ ಕಡೆಗೆ ಕೊಯ್ಯುವ ಅಂಚು. ಇವರ ಬದುಕಿನಲ್ಲಿ ಒಂದು ಕಡೆ ಊರಿನ ಜಾತಿ, ಇನ್ನೊಂದು ಕಡೆ ಆ ಜಾತಿಯಿಂದ ಬಿಡಿಸುತ್ತೇನೆಂದು ಬಂದ ಧರ್ಮ. ಪರೈಯರ ಕೇರಿಯವರು ಕ್ರೈಸ್ತರಾದದ್ದು ಬಿಳಿ ಪಾದ್ರಿಗಳು ಮಕ್ಕಳಿಗೆ ಅಕ್ಷರ ಕಲಿಸುತ್ತೇವೆ ಎಂದದ್ದಕ್ಕೆ. ಅಕ್ಷರವೇನೋ ಬಂತು. ಅದರ ಜೊತೆಗೆ ಕಟ್ಟಳೆಗಳೂ ಬಂದವು. ಪೂಜೆ ತಪ್ಪಿಸಬಾರದು, ಜಪ ಬಿಡಬಾರದು, ಪಾಪನಿವೇದನೆ ಮಾಡಬೇಕು, ಸಿಸ್ಟರಮ್ಮನಿಗೆ ಎದುರಾಡಬಾರದು. ಕೂಲಿಯಿಂದ ಬಂದು ಒಲೆ ಹಚ್ಚುವ ಮನೆಯ ಮಗು ತಾನು ಮಾಡದ ಪಾಪವನ್ನೂ ಹುಡುಕಿಕೊಂಡು ಹೆದರಿ ಸಾಯಬೇಕು.

ಪುಸ್ತಕದ ಒಂದು ಪ್ರಸಂಗ ನೋಡಿ. ಶಾಲೆಯ ಮಕ್ಕಳು ಆಡುತ್ತಾ ತೆಂಗಿನ ಮರ ಹತ್ತಿರುತ್ತಾರೆ. ಈ ಹುಡುಗಿಯ ಕೈ ತಾಗಿ ಒಂದು ಎಳೆಗಾಯಿ ಬೀಳುತ್ತದೆ. ಮಾರನೆಯ ದಿನ ಎಲ್ಲರೆದುರು ಮುಖ್ಯೋಪಾಧ್ಯಾಯ ಅವಳನ್ನು ಕಳ್ಳಿ ಎಂದು ಕರೆದು ಜಾತಿ ಹಿಡಿದು ಬೈದು ಹೊರಗೆ ನಿಲ್ಲಿಸುತ್ತಾನೆ. ಪಾದ್ರಿಯಿಂದ ಕಾಗದ ತಂದರೆ ಮಾತ್ರ ಒಳಕ್ಕೆ. ಹುಡುಗಿ ಪಾದ್ರಿಯ ಹತ್ತಿರ ಓಡುತ್ತಾಳೆ. ಕೇರಿಯವಳಲ್ಲವೇ, ನೀನು ಮಾಡಿಯೇ ಇರುತ್ತೀ ಎನ್ನುವುದು ಆತನ ಧೋರಣೆ. ಕದಿಯಬೇಡ ಎಂಬ ಆಜ್ಞೆ ಹತ್ತು ಆಜ್ಞೆಗಳಲ್ಲಿ ಒಂದು. ನೆರೆಯವನ ಮೇಲೆ ಸುಳ್ಳುಸಾಕ್ಷಿ ಹೇಳಬೇಡ ಎಂಬುದೂ ಅದೇ ಪಟ್ಟಿಯಲ್ಲಿದೆ ಅಲ್ಲವಾ? ಮೊದಲನೆಯದು ಕೇರಿಯ ಹುಡುಗಿಯ ಮೇಲೆ ಬಿತ್ತು. ಎರಡನೆಯದು ಮೇಷ್ಟ್ರನ್ನೂ ಪಾದ್ರಿಯನ್ನೂ ಮುಟ್ಟಲಿಲ್ಲ.

ಮುಂದೆ ಇದೇ ಬಾಮಾ ಟೀಚರಾಗಿ, ಆಮೇಲೆ ಬಡ ಮಕ್ಕಳ ಸೇವೆ ಮಾಡುವ ಆಸೆಯಿಂದ ಸನ್ಯಾಸಿನಿಯಾಗಿ, ಏಳು ವರ್ಷ ಕಾನ್ವೆಂಟಿನಲ್ಲಿದ್ದು ಹೊರಬಂದರು. ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತಗಳು ಅಲ್ಲಿನ ಬುನಾದಿ. ಅವರು ಕಂಡದ್ದೇನು? ಬಡತನದ ವ್ರತ ತೊಟ್ಟವರಿಗೆ ಊಟ, ವಸತಿ, ಸೌಕರ್ಯ ಯಾವುದಕ್ಕೂ ಕೊರತೆಯಿಲ್ಲ. ಪಾಠ ಹೇಳುವುದು ಉಳ್ಳವರ ಮಕ್ಕಳಿಗೆ. ಇದು ಯಾಕೆ ಹೀಗೆ ಎಂದು ಬಾಯಿ ಬಿಟ್ಟರೆ ವಿಧೇಯತೆಯ ವ್ರತ ಬಂದು ಬಾಯಿ ಮುಚ್ಚುತ್ತದೆ. ಮೊದಲ ವ್ರತ ಮುರಿದವರನ್ನು ಕಾಯುವುದಕ್ಕೆ ಮೂರನೆಯ ವ್ರತ! ಇದಕ್ಕಿಂತ ಒಳ್ಳೆಯ ಕೊರ್ಬಾನ್ ಎಲ್ಲಿ ಸಿಗುತ್ತದೆ? ತಾಳ್ಮೆಯ, ತಗ್ಗಿಬಗ್ಗಿ ನಡೆಯುವ ಯೇಸುವನ್ನು ತಮಗೆ ಕಲಿಸಿದರು, ಅನ್ಯಾಯ ಕಂಡು ಸಿಟ್ಟಾಗುವ ಯೇಸುವನ್ನು ಯಾರೂ ಕಲಿಸಲಿಲ್ಲ ಎಂದು ಬಾಮಾ ಬರೆಯುತ್ತಾರೆ. ಪುಸ್ತಕದ ನಡು ಇರುವುದು ಇಲ್ಲಿ. ಅವರು ಯೇಸುವನ್ನು ಬಿಟ್ಟು ಹೊರಬರುವುದಿಲ್ಲ. ಯೇಸುವಿನ ಜಗಳವನ್ನೇ ಕೈಗೆತ್ತಿಕೊಂಡು ಹೊರಬರುತ್ತಾರೆ.

ಇದು ಯಾವುದೋ ಒಬ್ಬ ಪಾದ್ರಿಯ, ಒಂದು ಮಠದ ತಪ್ಪಲ್ಲವಾ, ಅದಕ್ಕೆ ಇಡೀ ವ್ಯವಸ್ಥೆಯನ್ನು ಯಾಕೆ ದೂರುತ್ತೀರಿ ಎಂದು ಕೇಳುವವರು ಇತಿಹಾಸ ಓದಬೇಕು. 1606ರಲ್ಲಿ ರಾಬರ್ಟೊ ಡಿ ನೊಬಿಲಿ ಮಧುರೆಗೆ ಬಂದು ಕಾವಿ ಉಟ್ಟು ಬ್ರಾಹ್ಮಣ ಸನ್ಯಾಸಿಯಂತೆ ಬದುಕಿದ. ಮೇಲುಜಾತಿಯಿಂದ ಬಂದವರು ಜನಿವಾರ, ಜುಟ್ಟು, ಗಂಧ ಇಟ್ಟುಕೊಳ್ಳಬಹುದೋ ಇಲ್ಲವೋ ಎಂಬ ವ್ಯಾಜ್ಯ ರೋಮಿನವರೆಗೂ ಹೋಯಿತು. 1623ರಲ್ಲಿ ಪೋಪ್ 15ನೇ ಗ್ರೆಗೊರಿ ಕೆಲವು ಷರತ್ತು ಹಾಕಿ ಅಪ್ಪಣೆ ಕೊಟ್ಟ. ಪರೈಯರ ಗುಡಿಸಲಿಗೆ ಹೋಗಿ ಸಂಸ್ಕಾರ ಕೊಡುವ ವಿಷಯ ಬಂದಾಗ ಮಾತ್ರ ದೊಡ್ಡ ಚರ್ಚೆ ಎದ್ದಿತು. ಅವರ ಮನೆಗೆ ಹೋದ ಪಾದ್ರಿಯನ್ನು ಮೇಲಿನವರು ಒಳಗೆ ಸೇರಿಸುವುದಿಲ್ಲವಂತೆ! 1744ರಲ್ಲಿ ಪೋಪ್ 14ನೇ ಬೆನೆಡಿಕ್ಟನ ಕಾಲಕ್ಕೆ ಸಿಕ್ಕ ಪರಿಹಾರವೆಂದರೆ ಪರೈಯರಿಗೇ ಬೇರೆ ಪಾದ್ರಿಗಳು. ಬಾಮಾ ಹುಟ್ಟಿ ಬೆಳೆದದ್ದು ಇದೇ ಮಧುರೆ ಸೀಮೆಯ ದಕ್ಷಿಣಕ್ಕಿರುವ ಹಳ್ಳಿಯಲ್ಲಿ. ಕೆಲವು ಮಠಗಳಲ್ಲಿ ದಲಿತ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುವುದಿಲ್ಲ ಎಂಬ ಮಾತು ತರಬೇತಿಯಲ್ಲಿದ್ದಾಗ ಅವರ ಕಿವಿಗೆ ಬಿತ್ತು. ಬರೆದಿಟ್ಟ ಕಟ್ಟಳೆಗಳನ್ನು ಎಷ್ಟೋ ಸಾರಿ ತಿದ್ದಿದರು. ಬರೆಯದೇ ಇದ್ದ ಈ ಒಂದು ಕಟ್ಟಳೆ ಮಾತ್ರ ಗಟ್ಟಿಯಾಗಿ ನಿಂತಿತು. ಚರ್ಚಿನಲ್ಲಿ ಅಸ್ಪೃಶ್ಯತೆ ಇದೆ ಎಂದು ಭಾರತದ ಕಥೊಲಿಕ್ ಬಿಷಪರ ಮಂಡಳಿಯೇ 2016ರ ತನ್ನ ನೀತಿಪತ್ರದಲ್ಲಿ ಒಪ್ಪಿಕೊಂಡಿತು. ಒಪ್ಪಿಕೊಂಡದ್ದು ಒಳ್ಳೆಯದೇ. ಪಾಪನಿವೇದನೆಯಾದ ಮೇಲೆ ಪ್ರಾಯಶ್ಚಿತ್ತ ಮಾಡಬೇಕು ಎಂಬುದೂ ಅವರದೇ ಕಟ್ಟಳೆ.

ಇನ್ನು ಸರ್ಕಾರದ ಕಟ್ಟಳೆ. 1950ರ ಪರಿಶಿಷ್ಟ ಜಾತಿಗಳ ಆದೇಶದ ಮೂರನೆಯ ಪ್ಯಾರಾ, ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ ಎಂದಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರನ್ನೂ ಮುಸ್ಲಿಮರನ್ನೂ ಬಿಟ್ಟರು. 2007ರಲ್ಲಿ ರಂಗನಾಥ ಮಿಶ್ರ ಆಯೋಗ ಧರ್ಮಕ್ಕೂ ಈ ಪಟ್ಟಿಗೂ ಇರುವ ಗಂಟು ಬಿಚ್ಚಿ ಎಂದು ಹೇಳಿತು. ಕ್ರೈಸ್ತರಾದ್ದರಿಂದ ತನ್ನ ಜನಕ್ಕೆ ಸರ್ಕಾರದ ಸವಲತ್ತು ತಪ್ಪಿತು ಎಂಬ ನೋವು ‘ಕರುಕ್ಕು’ವಿನಲ್ಲೂ ಇದೆ. ನೀನು ಪರೈಯನೇ ಎಂದು ಚರ್ಚು ಹೇಳುತ್ತದೆ, ನೀನು ಪರೈಯನಲ್ಲ ಎಂದು ಸರ್ಕಾರ ಹೇಳುತ್ತದೆ. ಎರಡು ಕಡೆಯೂ ನಷ್ಟ ಆಗುವುದು ಒಬ್ಬನಿಗೇ.

ಬಾಮಾ ಇನ್ನೊಂದು ಕಟ್ಟಳೆಯನ್ನೂ ಮುರಿದರು. ಶಿಷ್ಟ ತಮಿಳನ್ನು ಬಿಟ್ಟು ಕೇರಿಯ ಆಡುಮಾತಿನಲ್ಲೇ ಇಡೀ ಪುಸ್ತಕ ಬರೆದರು. ದೇವನೂರ ಮಹಾದೇವರನ್ನು ಓದಿದ ನಮಗೆ ಇದರ ಬೆಲೆ ಗೊತ್ತು. ವ್ಯಾಕರಣವೂ ಒಂದು ಮಡಿಯೇ. ಬಾಯಿ ಮುಚ್ಚು ಎನ್ನುವ ಮಠದಿಂದ ಹೊರಬಂದವಳು ತನ್ನ ಬಾಯಿಯ ಮಾತಿನಲ್ಲೇ ಬರೆದಳು ಎನ್ನುವುದು ಶೈಲಿಯ ಸಂಗತಿಯಷ್ಟೇ ಅಲ್ಲ. ಪುಸ್ತಕದ ವಾದವೇ ಅದು.

ಕೃತಿಗೆ ಮಿತಿ ಇಲ್ಲವೆಂದಲ್ಲ. ಕಾನ್ವೆಂಟಿನ ಭಾಗಗಳಲ್ಲಿ ಒಂದೇ ದೂರು ಮತ್ತೆ ಮತ್ತೆ ಬರುತ್ತದೆ. ಆ ಒಳಗಿನ ಒಬ್ಬೊಬ್ಬ ಮನುಷ್ಯರು ಬೇರೆ ಬೇರೆಯಾಗಿ ಕಣ್ಣಿಗೆ ಕಟ್ಟುವುದಿಲ್ಲ. ಕೇರಿಯ ಹೆಂಗಸರನ್ನು ಬರೆಯುವಾಗ ಇರುವ ಜೀವ ಇಲ್ಲಿ ಕಡಿಮೆ. ಕೊನೆಗೆ ಹೊರಬಂದವಳು ಒಂಟಿಯಾಗಿ ನಿಲ್ಲುತ್ತಾಳೆ, ಮುಂದಿನ ದಾರಿ ಕಾಣುವುದಿಲ್ಲ. ಆದರೆ ಈ ಕೊನೆಯ ಮಾತನ್ನು ಪುಸ್ತಕದ ದೋಷ ಎಂದು ಬರೆಯುವಾಗ ನನ್ನ ಪೆನ್ನು ತಡೆಯುತ್ತದೆ. ಅವಳು ಒಂಟಿಯಾದದ್ದು ಯಾರ ದೋಷ?

ಗೆಳೆಯರೇ, ಇಲ್ಲಿ ಅಳತೆಗೋಲನ್ನು ನಮ್ಮ ಕಡೆಗೂ ತಿರುಗಿಸಬೇಕು. ಮತ ಬದಲಿಸಿದವನು ನಮ್ಮವನಲ್ಲ ಎಂಬ ಮಾತು ನಮ್ಮ ಸಭೆಗಳಲ್ಲೂ ಕೇಳಿಬರುತ್ತದೆ. ದೇವರನ್ನು ನಂಬುವವಳು ಬಂಡಾಯಗಾರ್ತಿ ಹೇಗಾದಾಳು ಎಂದು ಕೇಳುವ ಜಾಣರೂ ಇದ್ದಾರೆ. ಇದನ್ನು ಯಾವ ಪುಸ್ತಕದಲ್ಲಿ ಬರೆದಿದೆ? ಯಾರು ಬರೆದದ್ದು? ಕೈ ತೊಳೆದು ಬಂದವರಿಗೆ ಮಾತ್ರ ಪಂಕ್ತಿಯಲ್ಲಿ ಜಾಗ ಎಂದು ನಾವೂ ಹೇಳಲು ಶುರು ಮಾಡಿದರೆ ಆ ಶಾಸ್ತ್ರಿಗಳಿಗೂ ನಮಗೂ ಏನು ವ್ಯತ್ಯಾಸ? ‘ಕರುಕ್ಕು’ವನ್ನು ಓದಬೇಕು, ಓದಿಸಬೇಕು. ಓದಿದ ಮೇಲೆ, ನಮ್ಮ ಊರಿನ ಇಗರ್ಜಿಯ ಹಿಂದಿನ ಸಾಲಿನಲ್ಲಿ ಕೂರುವವನನ್ನು ಸಂಘದ ಮುಂದಿನ ಸಾಲಿಗೆ ಕರೆಯಬೇಕು.