ಉಳಿಯ ಬಾಯಿಗೆ ಮೋಟಾರಿನ ಸಾಣೆ

ಸಾಗುವಾನಿ ಕೆತ್ತುವವರು ದಿನಕ್ಕೆ ಎಷ್ಟು ಸಲ ಉಳಿ ಮಸೆಯುತ್ತಾರೆಂದು ನೋಡಿದವರಿಗೆ ಆ ಮರದ ಗುಣ ಗೊತ್ತಿರುತ್ತದೆ. ಸಾಗುವಾನಿಯ ಒಡಲಲ್ಲೇ ಸಿಲಿಕಾ ಇದೆ, ಅಂದರೆ ಮರಳಿನ ಅಂಶ. ಕೈಗೆ ನುಣುಪಾಗಿ ಸಿಗುವ ಮರ ಒಳಗೊಳಗೇ ಉಕ್ಕನ್ನು ಸವೆಸುತ್ತದೆ. ಶ್ರೀಗಂಧದ್ದು ಬೇರೆ ಕಥೆ. ಸಾಗರ, ಸೊರಬ, ಶಿರಸಿ ಕಡೆಯ ಗುಡಿಗಾರರು ತಲೆಮಾರುಗಳಿಂದ ಕೆತ್ತುತ್ತಾ ಬಂದಿರುವ ಆ ಮರ ಒತ್ತಾದ ಎಳೆಯದು; ಎಷ್ಟು ಸೂಕ್ಷ್ಮ ಕುಸುರಿಯನ್ನಾದರೂ ಹಿಡಿದು ನಿಲ್ಲುತ್ತದೆ. ಆದರೆ ಉಳಿ ಚೂರು ಮಂದವಾಗಿದ್ದರೂ ಮರ ಕೊಯ್ಯಿಸಿಕೊಳ್ಳದೆ ಜಜ್ಜಿಹೋಗುತ್ತದೆ. ಗ್ರಾಂ ಲೆಕ್ಕದಲ್ಲಿ ತೂಗಿ ತಂದ ಮರ ಜಜ್ಜಿದರೆ ಮತ್ತೆ ಸಿಗುವುದೂ ಇಲ್ಲ. ಯಾವ ಮರವನ್ನೇ ಕೆತ್ತಿ, ಸಾಣೆ ಬರದವನಿಗೆ ಕೆತ್ತನೆ ಬರುವುದಿಲ್ಲ.

ಹವ್ಯಾಸಕ್ಕೆಂದು ಕೆತ್ತನೆಗೆ ಕೈಹಾಕಿದವರು ಬೇಗನೆ ಕೇಳುವ ಪ್ರಶ್ನೆ ಒಂದೇ: ಸಾಣೆಗೆ ಯಾವ ಯಂತ್ರ ಕೊಳ್ಳಲಿ? ಹೆಚ್ಚಿನವರು ಹಾರ್ಡ್‌ವೇರ್ ಅಂಗಡಿಗೆ ಹೋಗಿ ಎರಡು ಬದಿಗೂ ಕಲ್ಲಿನ ಚಕ್ರವಿರುವ ಬೆಂಚ್ ಗ್ರೈಂಡರ್ ತಂದುಬಿಡುತ್ತಾರೆ. ನನ್ನ ಅಭಿಪ್ರಾಯ ಬೇರೆ. ಕೆತ್ತನೆಯ ಉಳಿಗೆ ಮೋಟಾರು ನಿಜವಾಗಿ ನೆರವಾಗುವುದು ಚರ್ಮದ ಚಕ್ರದಲ್ಲಿ, ಅಂದರೆ ಸಾಣೆಯ ಕೊನೆಯ ಹಂತದಲ್ಲಿ. ಕಲ್ಲಿನ ಚಕ್ರದ ಕೆಲಸ ಅಪರೂಪಕ್ಕೆ ಬರುವಂಥದ್ದು: ಬಾಯಿ ಮುಕ್ಕಾದಾಗ, ಉಳಿಯ ಆಕಾರ ಕೆಟ್ಟಾಗ, ಹೊಸ ಉಳಿಯ ಓರೆ ನಮಗೆ ಬೇಕಾದ ಕೋನದಲ್ಲಿ ಇಲ್ಲದಾಗ ಮಾತ್ರ.

ಲೆಕ್ಕ ಹಾಕಿ ನೋಡಿ. ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಸಾಮಾನ್ಯ ಬೆಂಚ್ ಗ್ರೈಂಡರ್ ನಿಮಿಷಕ್ಕೆ ಸುಮಾರು 2,850 ಸುತ್ತು ಹಾಕುತ್ತದೆ. ಆರಿಂಚಿನ, ಅಂದರೆ 150 ಮಿಲಿಮೀಟರಿನ ಚಕ್ರವಾದರೆ ಅದರ ಅಂಚು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಆ ವೇಗದಲ್ಲಿ ಕಾಗದದಷ್ಟು ತೆಳ್ಳಗಿರುವ ಉಳಿಯ ತುದಿ ತಗುಲಿದರೆ ಬಿಸಿ ಹಿಂದಕ್ಕೆ ಹರಿದುಹೋಗಲು ಅಲ್ಲಿ ಉಕ್ಕೇ ಇರುವುದಿಲ್ಲ. 220 ಡಿಗ್ರಿ ಸೆಲ್ಸಿಯಸ್ ದಾಟಿದಂತೆ ತುದಿಗೆ ಒಣಹುಲ್ಲಿನ ಬಣ್ಣ ಬರುತ್ತದೆ, ಆಮೇಲೆ ಕಂದು, ಆಮೇಲೆ ನೇರಳೆ. 300ರ ಹತ್ತಿರ ನೀಲಿ. ನೀಲಿ ಕಂಡಿತೆಂದರೆ ಅಷ್ಟು ಜಾಗದ ಹದ ಹೋಯಿತೆಂದೇ ಅರ್ಥ. ಆಮೇಲೆ ನೀರಿಗೆ ಅದ್ದಿದರೆ ಉಳಿ ತಣ್ಣಗಾಗುತ್ತದೆ, ಹದ ಮಾತ್ರ ವಾಪಸು ಬರುವುದಿಲ್ಲ. ನೀಲಿಯಾದಷ್ಟನ್ನೂ ತೇಯ್ದು ತೆಗೆದು ಹೊಸ ಬಾಯಿ ಮಾಡಿಕೊಳ್ಳುವುದೊಂದೇ ದಾರಿ. ಹಳೆಯ ಅರವನ್ನೋ ಲಾರಿಯ ಪಟ್ಟಿಯನ್ನೋ ಕಾಯಿಸಿ ಕುಲುಮೆಯಲ್ಲಿ ಬಡಿದು ಮಾಡಿದ ಉಳಿಗಳು ನಮ್ಮಲ್ಲಿ ಇನ್ನೂ ಬಳಕೆಯಲ್ಲಿವೆ. ಅವೆಲ್ಲ ಸಾದಾ ಇಂಗಾಲದ ಉಕ್ಕು ಅಥವಾ ಅದಕ್ಕೆ ಹತ್ತಿರದ್ದು, ಬಿಸಿ ತಡೆಯುವುದಿಲ್ಲ. ಲೇತಿನಲ್ಲಿ ಮರ ಕಡೆಯುವವರ ಈಗಿನ ಉಳಿಗಳು ಬಹುಮಟ್ಟಿಗೆ ಹೈಸ್ಪೀಡ್ ಸ್ಟೀಲಿನವು. ಅಷ್ಟು ಬಿಸಿಗೆ ಅವುಗಳ ಹದ ಜಗ್ಗದು, ಆದ್ದರಿಂದ ಕಡೆಯುವವರು ಗ್ರೈಂಡರಿಗೆ ಅಂಜುವುದಿಲ್ಲ. ಅವರ ಸಲಹೆಯನ್ನು ಕೆತ್ತುವವರು ಕುರುಡಾಗಿ ಪಾಲಿಸಬಾರದು.

ಗ್ರೈಂಡರ್ ಈಗಾಗಲೇ ಮನೆಯಲ್ಲಿದ್ದರೆ ಅದರ ಜೊತೆ ಬಂದ ಬೂದು ಬಣ್ಣದ ಗಡುಸು ಚಕ್ರವನ್ನು ತೆಗೆದುಬಿಡಿ. ಅದರ ಬದಲು ಬಿಳಿಯ ಅಲ್ಯೂಮಿನಿಯಂ ಆಕ್ಸೈಡ್ ಚಕ್ರ, 80 ಅಥವಾ 100 ಗ್ರಿಟ್ಟಿನದು, ಹಾಕಿ. ಅದರ ಕಣಗಳನ್ನು ಹಿಡಿದಿಡುವ ಬಂಧ ಮೆದು, ಮೊಂಡಾದ ಕಣ ತಾನೇ ಉದುರಿ ಹೊಸದು ಮೇಲೆ ಬರುತ್ತದೆ, ಹಾಗಾಗಿ ಬಿಸಿ ಕಡಿಮೆ. ಹಸಿರು ಚಕ್ರ ಕಾರ್ಬೈಡ್ ತುದಿಯ ಸಾಧನಗಳಿಗೆ. ಅಂಗಡಿಯವರು ಕೊಟ್ಟರೂ ಬೇಡವೆನ್ನಿ. ಹೊಸ ಚಕ್ರ ಕೂರಿಸುವ ಮುಂಚೆ ಬೆರಳಿಗೆ ತೂಗುಹಾಕಿ ಮರದ ಹಿಡಿಯಿಂದ ಮೆಲ್ಲಗೆ ತಟ್ಟಬೇಕು. ಠಣ್ ಎಂದರೆ ಸರಿ, ದಡ್ ಎಂದು ಸತ್ತ ಸದ್ದು ಬಂದರೆ ಒಳಗೆ ಬಿರುಕಿದೆ, ಆ ಚಕ್ರ ಬೇಡ. ಕಣ್ಣಿಗೆ ಕನ್ನಡಕ ಇರಲಿ. ಸ್ವಿಚ್ ಹಾಕುವಾಗ ಚಕ್ರದ ಎದುರು ನಿಲ್ಲಬೇಡಿ.

ನೀರಿನಲ್ಲಿ ತಿರುಗುವ ಚಕ್ರ ಇದಕ್ಕಿಂತ ಎಷ್ಟೋ ಮೇಲು. ಸ್ವೀಡನ್ನಿನ ಟೋರ್ಗ್ನಿ ಯಾನ್ಸನ್ 1973ರಲ್ಲಿ ಶುರುಮಾಡಿದ ಟಾರ್ಮೆಕ್ ಕಂಪನಿ ಈ ಬಗೆಯ ಯಂತ್ರಕ್ಕೆ ಹೆಸರಾದದ್ದು. ಅದರ ದೊಡ್ಡ ಮಾದರಿಯಲ್ಲಿ 250 ಮಿಲಿಮೀಟರಿನ ಚಕ್ರ ನಿಮಿಷಕ್ಕೆ ಬರೀ 90 ಸುತ್ತು ತಿರುಗುತ್ತದೆ. ಅಂಚಿನ ವೇಗ ಸೆಕೆಂಡಿಗೆ ಒಂದೂಕಾಲು ಮೀಟರಿಗೂ ಕಡಿಮೆ, ಗ್ರೈಂಡರಿನ ಹತ್ತೊಂಬತ್ತನೇ ಒಂದು ಪಾಲು. ಕೆಳಗೆ ತೊಟ್ಟಿಯಲ್ಲಿ ನೀರು, ಆದ್ದರಿಂದ ಹದ ಹೋಗುವ ಮಾತೇ ಇಲ್ಲ. ಇನ್ನೊಂದು ಬದಿಗೆ ಚರ್ಮದ ಚಕ್ರ. ಬೆಲೆ ಹೆಚ್ಚು, ದುಡ್ಡಿದ್ದವರು ತೆಗೆದುಕೊಂಡರೆ ನಾನು ಬೇಡವೆನ್ನುವುದಿಲ್ಲ.

ಯಾವ ಚಕ್ರವಾದರೂ ಇರಲಿ, ಕಷ್ಟ ಇರುವುದು ಬಾಯಿ ಬಾಗಿದ ಉಳಿಯಲ್ಲಿ. ಚಪ್ಪಟೆ ಉಳಿಯನ್ನು ಇಟ್ಟಲ್ಲೇ ಹಿಡಿದರೆ ಆಯಿತು. ಗೌಜ್, ಅಂದರೆ ಅರೆಗೊಳವೆಯಂತೆ ಬಾಗಿದ ಉಳಿಯನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಹೊರಳಿಸುತ್ತಲೇ ತೇಯಬೇಕು. ಹೊರಳಿಸುವ ಕೈ ಎರಡು ತುದಿಗಳಲ್ಲಿ ಒಂದು ಕ್ಷಣ ನಿಂತು ಹಿಂದಿರುಗುತ್ತದೆ, ಆ ಒಂದು ಕ್ಷಣದಲ್ಲಿ ಮೂಲೆ ಸವೆದು ಗುಂಡಗಾಗುತ್ತದೆ. ಮೂಲೆ ಕಳೆದುಕೊಂಡ ಗೌಜ್‌ನಿಂದ ಎಲೆಯ ಸಂದಿಯನ್ನು ಚೊಕ್ಕವಾಗಿ ಕಡಿಯಲು ಆಗದು.

ಇದಕ್ಕೆ ಕಣ್ಣೇ ಅಳತೆ. ಮೊದಲು ಉಳಿಯನ್ನು ನೆಟ್ಟಗೆ ಹಿಡಿದು ಅದರ ಬಾಯಿಯನ್ನು ಸಪಾಟಾದ ಕಲ್ಲಿನ ಮೇಲೆ ಒಂದೆರಡು ಸಲ ಎಳೆಯಿರಿ. ಹರಿತವನ್ನು ಬೇಕೆಂದೇ ಕೆಡಿಸಬೇಕು. ಈಗ ಬಾಯಿಯನ್ನು ದೀಪದ ಕಡೆ ತಿರುಗಿಸಿದರೆ ತುದಿಯುದ್ದಕ್ಕೂ ಒಂದು ಬಿಳಿ ಗೆರೆ ಹೊಳೆಯುತ್ತದೆ. ಹರಿತವಾದ ತುದಿಗೆ ಬೆಳಕು ಹಿಡಿಯುವಷ್ಟು ಅಗಲವಿರುವುದಿಲ್ಲ, ಮೊಂಡಾದದ್ದಕ್ಕೆ ಇರುತ್ತದೆ; ಆ ಗೆರೆಯೆಂದರೆ ಮೊಂಡುತನವೇ. ಇನ್ನು ಹೊರಗಿನ ಓರೆಯನ್ನು ಚಕ್ರಕ್ಕೆ ತಾಗಿಸಿ ಹೊರಳಿಸುತ್ತಾ ಬನ್ನಿ, ಆಗಾಗ ಗೆರೆ ನೋಡಿ. ಗೆರೆ ದಪ್ಪ ಇರುವ ಕಡೆ ಇನ್ನಷ್ಟು ತೇಯಬೇಕು, ಸಣ್ಣದಾದ ಕಡೆ ಮುಟ್ಟಬಾರದು. ಎಲ್ಲ ಕಡೆ ಒಂದೇ ಸಮನೆ ತೆಳ್ಳಗಾಗಿ, ಇನ್ನೇನು ಮಾಯವಾಗಬೇಕು ಎನ್ನುವಾಗ ಚಕ್ರ ನಿಲ್ಲಿಸಿ. ಉಳಿದ ಅಷ್ಟನ್ನು ಕೈಯಲ್ಲಿ ಎಣ್ಣೆಗಲ್ಲಿನ ಮೇಲೆ ತೆಗೆಯಬೇಕು. ಆಗ ಒಳಬದಿಗೆ ಉಕ್ಕಿನ ತೀರ ತೆಳು ಎಳೆಯೊಂದು ಮಡಚಿಕೊಳ್ಳುತ್ತದೆ. ಬೆರಳಿಗೆ ಗರಗರ ಸಿಗುವ ಆ ಬರ್ ಬಾಯಿಯ ಉದ್ದಕ್ಕೂ ಬಂದಿದ್ದರೆ ಕಲ್ಲಿನ ಕೆಲಸ ಮುಗಿಯಿತು. ಓರೆಯ ಕೋನ ಮೆದು ಮರಕ್ಕೆ 20 ಡಿಗ್ರಿಯ ಆಸುಪಾಸು, ಸಾಗುವಾನಿ, ಬೀಟೆಯಂಥವಕ್ಕೆ 25 ಅಥವಾ ಸ್ವಲ್ಪ ಮೇಲೆ. ವಿ ಆಕಾರದ ಉಳಿಯನ್ನಂತೂ ವೇಗದ ಚಕ್ರಕ್ಕೆ ಒಯ್ಯಲೇಬೇಡಿ. ಎರಡು ಬದಿ ಕೂಡುವ ತಳದಲ್ಲಿ ಉಕ್ಕು ದಪ್ಪ, ಬದಿಗಳಲ್ಲಿ ತೆಳು. ಬದಿ ಬೇಗ ಸವೆದು ನಡುವೆ ಕೊಕ್ಕೆಯೊಂದು ಉಳಿದುಬಿಡುತ್ತದೆ.

ಇಲ್ಲಿಂದ ಮುಂದೆ ಮೋಟಾರಿನ ಸರದಿ. ಚರ್ಮದ ಚಕ್ರಕ್ಕೆ, ಇಲ್ಲವೆ ಗಟ್ಟಿ ಫೆಲ್ಟಿನ ಚಕ್ರಕ್ಕೆ ಕ್ರೋಮಿಯಂ ಆಕ್ಸೈಡಿನ ಹಸಿರು ಪಾಲಿಶ್ ಗಟ್ಟಿ ಸವರಿ, ಓರೆಯನ್ನು ಅದರ ಮೇಲೆ ಹಗುರವಾಗಿ ಒತ್ತಿ ಹೊರಳಿಸಿದರೆ ಕೆಲವೇ ಸೆಕೆಂಡುಗಳಲ್ಲಿ ಬರ್ ಕಳಚಿ ಓರೆ ಕನ್ನಡಿಯಾಗುತ್ತದೆ. ಗೌಜ್‌ನ ಒಳಬದಿಗೆ ಎಂಡಿಎಫ್ ಹಲಗೆಯಿಂದ ಸಣ್ಣ ಚಕ್ರ ಕತ್ತರಿಸಿ, ಅದರ ಅಂಚನ್ನು ಉಳಿಯ ಬಾಗಿಗೆ ಹೊಂದುವಂತೆ ಗುಂಡಗೆ ಮಾಡಿ ಅದಕ್ಕೂ ಪಾಲಿಶ್ ಹಚ್ಚಿದರೆ ಸಾಕು. 1,440 ಸುತ್ತಿನ ಮೋಟಾರು ಇದಕ್ಕೆ ಧಾರಾಳ.

ಚಕ್ರ ತಿರುಗುವ ದಿಕ್ಕಿನಲ್ಲಿ ಮಾತ್ರ ಎಚ್ಚರ ತಪ್ಪಬಾರದು. ಚರ್ಮ ಯಾವಾಗಲೂ ಉಳಿಯ ಬಾಯಿಯಿಂದ ಆಚೆಗೆ ಓಡಬೇಕು. ಬಾಯಿಗೆ ಎದುರಾಗಿ ಬಂದರೆ ಉಳಿ ಚರ್ಮಕ್ಕೆ ಕಚ್ಚಿ ಕೈಯಿಂದ ಕಿತ್ತೆಸೆಯುತ್ತದೆ. ಬೆಂಚ್ ಗ್ರೈಂಡರಿನ ಚಕ್ರ ನಮ್ಮ ಕಡೆಗೆ ತಿರುಗುವಂಥದ್ದು, ಆದ್ದರಿಂದ ಎರಡೂ ಬದಿಯ ಕಲ್ಲು ತೆಗೆದು, ಚರ್ಮ ಹಾಕಿ, ಇಡೀ ಯಂತ್ರವನ್ನೇ ಹಿಂದುಮುಂದಾಗಿ ಕೂರಿಸಬೇಕು. ವೈರು ಬದಲಿಸಿ ಮೋಟಾರನ್ನು ತಿರುವುಮುರುವಾಗಿ ಓಡಿಸುವ ಉಪಾಯ ಬೇಡ. ಗ್ರೈಂಡರಿನ ಎಡಬದಿಯ ನಟ್ಟಿಗೆ ಎಡಮರೆ ಇರುವುದು ತಿರುಗುವಾಗ ನಟ್ಟು ಬಿಗಿಯಾಗಲೆಂದೇ. ಓಟ ತಿರುವಿದರೆ ಎರಡೂ ಕಡೆಯ ನಟ್ಟು ಸಡಿಲವಾಗುತ್ತದೆ.

ಚರ್ಮದ ಚಕ್ರಕ್ಕೂ ಒಂದು ದೋಷವಿದೆ. ಮೆದುವಾದ ಚರ್ಮ ಒತ್ತಿದಲ್ಲಿ ತಗ್ಗಿ, ಉಳಿಯ ತುದಿಯನ್ನು ಸುತ್ತಿಕೊಂಡು ಗುಂಡಗೆ ಮಾಡುತ್ತದೆ. ಓರೆ ಪಳಪಳ ಹೊಳೆಯುತ್ತಿರುತ್ತದೆ, ಉಳಿ ಮಾತ್ರ ಮರದ ಮೇಲೆ ಜಾರುತ್ತದೆ. ಹಿಡಿಯನ್ನು ಮೊದಲಿಗಿಂತ ಮೇಲೆತ್ತಿದರೆ ಮಾತ್ರ ಕೊಯ್ಯುತ್ತದೆ ಎಂದಾದರೆ ತುದಿ ದುಂಡಾಗಿದೆ ಎಂದು ತಿಳಿಯಿರಿ, ಮತ್ತೆ ಎಣ್ಣೆಗಲ್ಲಿಗೆ ಹೋಗಿ. ಪರೀಕ್ಷೆಗೆ ಪೈನಿನಂಥ ಮೆದು ಮರದ ತುಂಡು ಸಾಕು. ಗಟ್ಟಿ ಮರ ಅರೆಮೊಂಡು ಉಳಿಯನ್ನೂ ಕ್ಷಮಿಸುತ್ತದೆ, ಮೆದು ಮರ ಕ್ಷಮಿಸುವುದಿಲ್ಲ. ಎಳೆಗೆ ಅಡ್ಡವಾಗಿ ಕೊಯ್ದಾಗ ಕೊರೆದ ಜಾಗ ಹೊಳೆದರೆ ಉಳಿ ಸಿದ್ಧ. ಅಲ್ಲಿ ಬಿಳಿ ಗೀರುಗಳಿದ್ದರೆ ಬಾಯಲ್ಲಿ ಎಲ್ಲೋ ಮುಕ್ಕಿದೆ.

ಸಾಣೆಯಂತ್ರಕ್ಕೆ ದುಡ್ಡು ಕೂಡಿಡುತ್ತಿರುವ ಓದುಗರು ಮೊದಲು ಕೊಳ್ಳಬೇಕಾದದ್ದು ನಿಧಾನ ಓಡುವ ಸಣ್ಣ ಮೋಟಾರು, ಒಂದು ಚರ್ಮದ ಚಕ್ರ, ಒಂದು ಹಸಿರು ಗಟ್ಟಿ ಮತ್ತು ಒಂದು ಒಳ್ಳೆಯ ಎಣ್ಣೆಗಲ್ಲು. ಕಲ್ಲಿನ ಚಕ್ರ ಆಮೇಲೆ ನೋಡಿದರಾಯಿತು. ಕೆಲಸದ ನಡುವೆ ಉಳಿ ಮೊಂಡಾಗುವ ಮೊದಲೇ ಆಗಾಗ ಚರ್ಮಕ್ಕೆ ತೋರಿಸುತ್ತಿದ್ದರೆ ಅದರ ಅಗತ್ಯ ಬಹುಕಾಲ ಬೀಳುವುದಿಲ್ಲ.