ಒಂದೇ ಸೋಲಿಗೆ ಮನೆಗೆ

2020ರ ಫೆಬ್ರುವರಿ 14ರಂದು ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲಿ ನಡೆದ ಇಂಡಿಯನ್ ವಿಮೆನ್ಸ್ ಲೀಗ್ ಫೈನಲ್ ಅನ್ನು ಕನ್ನಡ ನೆಲದ ಒಳ್ಳೆಯ ಪಂದ್ಯಗಳ ಸಾಲಿನಲ್ಲಿ ಇಡಲು ನನಗೆ ಹಿಂಜರಿಕೆಯಿಲ್ಲ. ಮೊದಲ ನಿಮಿಷದಲ್ಲೇ ಪರಮೇಶ್ವರಿ ದೇವಿ ಗೋಕುಲಂ ಕೇರಳ ತಂಡದ ಖಾತೆ ತೆರೆದರು. ಅರ್ಧ ಗಂಟೆಯಾಗುವ ಮೊದಲೇ ಕಮಲಾ ದೇವಿ ಎರಡನೆಯ ಗೋಲು ಹೊಡೆದರು. ಇಷ್ಟಾದಾಗ ಎದುರಾಳಿಗಳು ಕೈಚೆಲ್ಲುವುದುಂಟು. ಇಂಫಾಲದ ಕ್ರಿಫ್ಸಾ ಹುಡುಗಿಯರು ಚೆಲ್ಲಲಿಲ್ಲ. ವಿರಾಮಕ್ಕೆ ಮುನ್ನ ಡಾಂಗ್‌ಮೇ ಗ್ರೇಸ್ ಒಂದನ್ನು ತೀರಿಸಿದರು, ಎರಡನೆಯ ಅವಧಿಯಲ್ಲಿ ರತನ್‌ಬಾಲಾ ದೇವಿ ಲೆಕ್ಕ ಚುಕ್ತಾ ಮಾಡಿದರು. ಇನ್ನೇನು ಹೆಚ್ಚುವರಿ ಸಮಯವೇ ಗತಿ ಎನ್ನುವಷ್ಟರಲ್ಲಿ ನೇಪಾಳದ ಸಬಿತ್ರಾ ಭಂಡಾರಿ ಹೊಡೆದ ಗೋಲಿನಿಂದ ಗೋಕುಲಂ 3–2ರಲ್ಲಿ ಗೆದ್ದಿತು.

ಆಟ ಚೆನ್ನಾಗಿತ್ತು, ಸರಿ. ಗೋಲು ಹೊಡೆದವರ ಊರು ನೋಡಿ. ಐದರಲ್ಲಿ ನಾಲ್ಕು ಗೋಲು ಮಣಿಪುರದವರವು, ಒಂದು ನೇಪಾಳದ್ದು. ಗೆದ್ದ ಕ್ಲಬ್ಬು ಕೇರಳದ್ದು. ಕರ್ನಾಟಕದ ಪಾಲಿಗೆ ಬಂದದ್ದು ಮೈದಾನ. ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ ಸೆಮಿಫೈನಲ್‌ಗೆ ನಿಂತಿತ್ತು.

ಮೂರು ವರ್ಷದ ನಂತರ ಕಿಕ್‌ಸ್ಟಾರ್ಟ್ ಫೈನಲ್ಲಿಗೇ ಬಂತು. 2023ರ ಮೇ 21, ಅಹಮದಾಬಾದ್, ಎದುರಿಗೆ ಅದೇ ಗೋಕುಲಂ. ಫಲಿತಾಂಶ 5–0. ಗೋಕುಲಂಗೆ ಅದು ಸತತ ಮೂರನೆಯ ಪ್ರಶಸ್ತಿ. ಆ ಪಂದ್ಯದ ಬಗ್ಗೆ ಹೆಚ್ಚು ಬರೆಯುವಂಥದ್ದೇನಿಲ್ಲ. ಆದರೆ ಅದನ್ನು ಕಟ್ಟಿದ ಪದ್ಧತಿಯ ಬಗ್ಗೆ ಇದೆ. ದೇಶದ 16 ತಂಡಗಳನ್ನು ಏಪ್ರಿಲ್–ಮೇ ತಿಂಗಳ ಗುಜರಾತಿನ ಬಿಸಿಲಿಗೆ ಕರೆತಂದು, ಒಂದೇ ಊರಿನಲ್ಲಿ ನಾಲ್ಕು ವಾರದೊಳಗೆ ಎಲ್ಲವನ್ನೂ ಮುಗಿಸಿ, ಅದನ್ನು ಲೀಗ್ ಎಂದು ಕರೆದರು. ದಣಿದ ಕಾಲು ಸುಧಾರಿಸಿಕೊಳ್ಳಲು, ತಪ್ಪು ತಿದ್ದಿಕೊಳ್ಳಲು ಬಿಡುವೆಲ್ಲಿ? ಆಳವಾದ ತಂಡವಿದ್ದವರು ಉಳಿದರು, ಉಳಿದವರು ಕರಗಿದರು. 5–0 ಅನ್ನು ಕಿಕ್‌ಸ್ಟಾರ್ಟ್‌ನ ಹೆಸರಿಗಷ್ಟೇ ಬರೆದರೆ ಅನ್ಯಾಯ.

ಮುಂದಿನ ಋತುವಿನಲ್ಲಿ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ ಮಾಡಿದ ಬದಲಾವಣೆ ಪತ್ರಿಕೆಗಳಲ್ಲಿ ಅಷ್ಟಾಗಿ ಸದ್ದು ಮಾಡಲಿಲ್ಲ. 2023–24ರಲ್ಲಿ ತಂಡಗಳ ಸಂಖ್ಯೆ ಏಳಕ್ಕೆ ಇಳಿಯಿತು. ತವರಿನಲ್ಲೊಮ್ಮೆ, ಎದುರಾಳಿಯ ಊರಿನಲ್ಲೊಮ್ಮೆ ಆಟ. ಹೆಚ್ಚು ಅಂಕ ಪಡೆದವರಿಗೆ ಪ್ರಶಸ್ತಿ. ಒಡಿಶಾ ಗೆದ್ದಿತು, ಅದರ ಮರುವರ್ಷ ಈಸ್ಟ್ ಬೆಂಗಾಲ್. ಫೈನಲ್ ಎಂಬುದೇ ಇಲ್ಲವಾಯಿತು. ಟಿವಿಯವರಿಗೆ ಬೇಸರವಾಗಿರಬಹುದು. ನನ್ನ ಎಣಿಕೆಯಲ್ಲಿ ಈ ಟೂರ್ನಿಗೆ ಆದ ದೊಡ್ಡ ಉಪಕಾರ ಅದೇ.

ಚಿಕ್ಕೋಡಿ ಕಡೆಯಿಂದ ನೋಡಿದರೆ ಇದು ಇನ್ನೂ ಸ್ಪಷ್ಟ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಹುಡುಗಿಗೆ ಫುಟ್‌ಬಾಲ್ ಸಿಗುವುದು ಶಾಲಾ ಕ್ರೀಡಾಕೂಟದಲ್ಲಿ. ತಾಲ್ಲೂಕು, ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆ, ವಿಭಾಗ, ರಾಜ್ಯ ಎಂದು ಮೆಟ್ಟಿಲು ಇವೆ. ಪ್ರತಿ ಮೆಟ್ಟಿಲಲ್ಲೂ ಸೋತವರು ಮನೆಗೆ. ಕೂಟಗಳು ಬರುವುದು ಮಳೆಗಾಲಕ್ಕೆ, ಎರಿ ಮಣ್ಣಿನ ಮೈದಾನ ಕಾಲಿಗೆ ಅಂಟಿಕೊಳ್ಳುವ ಹೊತ್ತಿಗೆ. ಕೃಷ್ಣೆ ಉಕ್ಕಿದ ವರ್ಷ, 2019ರ ಆಗಸ್ಟ್‌ನಂತೆ, ನದಿ ದಂಡೆಯ ಊರುಗಳಿಗೆ ಆಟದ ಮಾತೇ ಇರುವುದಿಲ್ಲ. ಗೋಲ್‌ಕೀಪರ್ ಹುಡುಗಿಯ ಕೈಯಿಂದ ಒಂದು ಚೆಂಡು ಜಾರಿದರೆ ಅವಳ ವರ್ಷ ಅಲ್ಲಿಗೇ ಮುಗಿಯಿತು. ಮುಂದಿನ ವಾರ ಅದೇ ಚೆಂಡನ್ನು ಹಿಡಿಯುವ ಅವಕಾಶ ಅವಳಿಗಿಲ್ಲ. ಪೀಟಿ ಮಾಸ್ತರರನ್ನು ದೂರಿ ಪ್ರಯೋಜನವಿಲ್ಲ, ಅವರ ಕೈಗೆ ಕೊಟ್ಟಿರುವುದೇ ನಾಕೌಟ್ ಪಟ್ಟಿ.

ಆಟದ ಹುಚ್ಚು ಈ ಸೀಮೆಗೆ ಹೊಸದೇನಲ್ಲ. ನಿಪ್ಪಾಣಿಯಿಂದ ಹೆದ್ದಾರಿ ಹಿಡಿದು ಹೋದರೆ ಸುಮಾರು 40 ಕಿಲೋಮೀಟರಿಗೆ ಕೊಲ್ಹಾಪುರ. ಅಲ್ಲಿ ಕುಸ್ತಿಯ ತಾಲೀಮುಗಳೇ ಫುಟ್‌ಬಾಲ್ ತಂಡಗಳಾಗಿವೆ: ಪಾಟಾಕಡಿಲ್, ಖಂಡೋಬಾ, ದಿಲ್‌ಬಹಾರ್. ಪೇಟೆಗಳು ಪೈಪೋಟಿಗೆ ಬಿದ್ದು ಶಾಹು ಸ್ಟೇಡಿಯಂ ತುಂಬುತ್ತವೆ. 2017ರಲ್ಲಿ ದೆಹಲಿಯಲ್ಲಿ 17 ವರ್ಷದೊಳಗಿನವರ ವಿಶ್ವಕಪ್ ಆಡಿದ ಭಾರತ ತಂಡದಲ್ಲಿ ಅನಿಕೇತ್ ಜಾಧವ್ ಇದ್ದದ್ದು ಆ ಊರಿನಿಂದಲೇ. ಅಲ್ಲಿ ಒಂದು ತಂಡ ಒಂದೇ ಋತುವಿನಲ್ಲಿ ಲೀಗ್ ಆಡುತ್ತದೆ, ಮೇಲೆ ಒಂದರ ಹಿಂದೊಂದು ಚಷಕಗಳನ್ನೂ ಆಡುತ್ತದೆ. ಇವತ್ತು ಸೋತವರು ಬರುವ ಭಾನುವಾರ ಮತ್ತೆ ಬೂಟು ಕಟ್ಟುತ್ತಾರೆ. ಆದರೆ ಆ ಅಬ್ಬರ ಬಹುಪಾಲು ಗಂಡಸರ ಆಟದ್ದು. ಮಣಿಪುರದಲ್ಲಿ ಹೆಣ್ಣುಮಕ್ಕಳಿಗೂ ಕೇರಿಯ ಕ್ಲಬ್ಬಿದೆ. ಕ್ರಿಫ್ಸಾ ಎಂಬ ಹೆಸರು ಕಾಂಗ್‌ಚುಪ್ ರಸ್ತೆಯ ಯುವಕ ಕ್ರೀಡಾ ಸಂಘದ್ದು, ಒಂದು ರಸ್ತೆಯ ಸಂಘ ರಾಷ್ಟ್ರದ ಫೈನಲ್ ಆಡಿತು. ಹಿರಿಯ ಮಹಿಳೆಯರ ರಾಷ್ಟ್ರೀಯ ಚಾಂಪಿಯನ್‌ಶಿಪ್ ಅನ್ನು ಆ ಪುಟ್ಟ ರಾಜ್ಯ 20ಕ್ಕೂ ಹೆಚ್ಚು ಸಲ ಗೆದ್ದಿರುವುದು ರಕ್ತದ ಗುಣದಿಂದಲ್ಲ, ವರ್ಷವಿಡೀ ಆಡುವುದರಿಂದ.

ಐದು ತಾಲ್ಲೂಕಿನ ಐದು ತಂಡಗಳ ನಾಕೌಟ್ ನಡೆಸಿದರೆ 4 ಪಂದ್ಯಕ್ಕೆ ಎಲ್ಲ ಮುಗಿಯುತ್ತದೆ. ಅದೇ ಐದು ತಂಡ ಒಬ್ಬರೊಡನೊಬ್ಬರು ಎರಡೆರಡು ಸಲ ಆಡಿದರೆ 20 ಪಂದ್ಯ, ಪ್ರತಿ ತಂಡಕ್ಕೆ 8. ಹುಡುಗಿಯರನ್ನು ಕತ್ತಲಾಗುವ ಮೊದಲು ಮನೆ ಸೇರಿಸಬೇಕು, ಜೀಪಿನ ಬಾಡಿಗೆ ಯಾರು ಕೊಡಬೇಕು ಎಂಬ ಪ್ರಶ್ನೆಗಳು ಬಂದೇ ಬರುತ್ತವೆ, ಬರಬೇಕು ಕೂಡ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಆಡಿಸಿದರೆ ಮೊದಲನೆಯದು ಸುಲಭವಾಗುತ್ತದೆ. ಬಾಡಿಗೆಗೆ ಈ ಸೀಮೆಯ ಸಕ್ಕರೆ ಕಾರ್ಖಾನೆಗಳನ್ನು ಕೇಳಿ ನೋಡಬಹುದು, ಜಾತ್ರೆಯ ಕುಸ್ತಿಗೆ ದೇಣಿಗೆ ಎತ್ತುವ ಊರುಗಳಲ್ಲಿ ಇದಕ್ಕೂ ನಾಲ್ಕು ಕೈ ಬಂದಾವು. ನಿಪ್ಪಾಣಿ–ಅಥಣಿ ಮಾತ್ರ ತುಸು ದೂರ. ಆ ಎರಡು ಪಂದ್ಯಗಳನ್ನು ನಡುವಿನ ಚಿಕ್ಕೋಡಿಯಲ್ಲಿ ಇಟ್ಟುಕೊಂಡರೆ ಆಯಿತು.